ನಿಂತು ಮತ್ತೆ ಹೊಡೆದ ಹೃದಯ: ಇಲಿಯ ಸ್ಲೈಡು ಹೇಳುವುದೆಷ್ಟು?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಎರಡು ತಿಂಗಳ ಹಿಂದೆ ಮನೆಯಲ್ಲೇ ಕುಸಿದುಬಿದ್ದರು. ಪಕ್ಕದ ಮನೆಯ ಹುಡುಗ ಎದೆ ಒತ್ತುತ್ತಲೇ ಇದ್ದ, ಆಂಬುಲೆನ್ಸಿನವರು ಬಂದು ಶಾಕ್ ಕೊಟ್ಟ ಮೇಲೆ ನಾಡಿ ಬಂತು. ಅದೇ ದಿನ ಎಕೋ ಮಾಡಿ ಇ.ಎಫ್. (ಪ್ರತಿ ಬಡಿತಕ್ಕೆ ಹೃದಯ ಹೊರದಬ್ಬುವ ರಕ್ತದ ಶೇಕಡಾ ಪಾಲು) 25 ಎಂದರು. ನಾಲ್ಕನೇ ದಿನಕ್ಕೆ ಅದು 45 ಆಯಿತು. ‘ಹೃದಯಕ್ಕೆ ಮಂಕು ಬಡಿದಿತ್ತು, ಈಗ ಬಿಟ್ಟಿದೆ’ ಅಂದರು ಡಾಕ್ಟರು. ಆದರೆ ನಾನು ಓದಿದ ಇಲಿಗಳ ಪ್ರಯೋಗದ ವರದಿಯೊಂದರಲ್ಲಿ, ಹೃದಯ ಸ್ತಂಭನದ ನಂತರ ಹೃದಯದ ಅಂಗಾಂಶಕ್ಕೆ ಹಾನಿಯಾಗುತ್ತದೆ, ಉರಿಯೂತ ಬರುತ್ತದೆ ಎಂದಿತ್ತು. ಹಾಗಿದ್ದರೆ ಇ.ಎಫ್. ಏರಿದರೂ ಒಳಗೊಳಗೇ ಹಾನಿ ಉಳಿದಿರುತ್ತದೆಯೇ? ಇಲಿಗೆ ಆದದ್ದು ಅಪ್ಪನಿಗೂ ಆಗಿರಲೇಬೇಕೇ? ಉರಿಯೂತ ಇಳಿಯಲು ಅರಿಶಿನದ ಕ್ಯಾಪ್ಸೂಲ್ ಕೊಡಿ ಎಂದು ಚಿಕ್ಕಪ್ಪ ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಾನು ರೋಗಿಗಳನ್ನು ನೋಡುವ ವೈದ್ಯನಲ್ಲ. ಪ್ರಯೋಗಾಲಯದ ಪ್ರಾಣಿಗಳ ಹೃದಯವನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡುವುದು ನನ್ನ ಕಸುಬು. ನಿಮ್ಮ ತಂದೆಯವರ ಚಿಕಿತ್ಸೆಯ ವಿಷಯದಲ್ಲಿ ಅವರ ಡಾಕ್ಟರ ಮಾತೇ ಕೊನೆ. ಆ ವರದಿಯಲ್ಲಿದ್ದ ‘ಹಾನಿ’ ಎಂಬ ಪದವನ್ನು ಬಿಡಿಸಿ ಹೇಳುವುದಷ್ಟೇ ನನ್ನಿಂದ ಆಗುವ ಕೆಲಸ. ನಿಮ್ಮ ಹೆದರಿಕೆಯಲ್ಲಿ ಮುಕ್ಕಾಲು ಪಾಲು ಆ ಒಂದು ಪದದಿಂದ ಬಂದಿರುವ ಹಾಗೆ ಕಾಣುತ್ತದೆ.

ನಮ್ಮ ಮಾತಿನಲ್ಲಿ ಎಲ್ಲವೂ ‘ಹಾರ್ಟ್ ಅಟ್ಯಾಕ್’. ಇಲ್ಲಿ ಮಾತ್ರ ಎರಡನ್ನು ಬೇರೆ ಮಾಡಲೇಬೇಕು. ಹೃದಯಾಘಾತದಲ್ಲಿ ಹೃದಯಕ್ಕೇ ರಕ್ತ ಕೊಡುವ ಒಂದು ನಾಳ ಕಟ್ಟಿಕೊಳ್ಳುತ್ತದೆ. ಒಂದು ಕಾಲುವೆ ಕಟ್ಟಿದರೆ ಅದರ ಕೆಳಗಿನ ಗದ್ದೆಗಳು ಒಣಗುತ್ತವಲ್ಲ, ಹಾಗೆ ಆ ನಾಳದ ಪಾಲಿನ ಸ್ನಾಯುವಿಗೆ ಗಂಟೆಗಟ್ಟಲೆ ರಕ್ತವಿರುವುದಿಲ್ಲ, ಉಳಿದ ಭಾಗ ಚೆನ್ನಾಗಿರುತ್ತದೆ. ಹೃದಯ ಸ್ತಂಭನವೆಂದರೆ ಕೆರೆಯ ತೂಬನ್ನೇ ಮುಚ್ಚಿದ ಹಾಗೆ. ಇಡೀ ಅಚ್ಚುಕಟ್ಟಿಗೆ, ಅಂದರೆ ಹೃದಯ, ಮೆದುಳು, ಕರುಳು, ಮೂತ್ರಪಿಂಡ ಎಲ್ಲಕ್ಕೂ ಒಂದೇ ಸಲ ಪೂರೈಕೆ ನಿಲ್ಲುತ್ತದೆ. ಆದರೆ ನಿಮಿಷಗಳ ಮಟ್ಟಿಗೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು, ಎಷ್ಟೋ ಸಲ ಆಗುತ್ತದೆ ಕೂಡ. ಆದರೂ ಎರಡೂ ಹೃದಯದ ಮೇಲೆ ಬಿಟ್ಟುಹೋಗುವ ಗುರುತು ಒಂದೇ ಅಲ್ಲ.

ಅದು ಎಷ್ಟು ಬೇರೆ ಎಂಬುದನ್ನು ಬರಿಗಣ್ಣಿನಲ್ಲೇ ನೋಡಬಹುದು. ನಾವು ಬಳಸುವ ಒಂದು ಉಪ್ಪಿದೆ, ಟಿಟಿಸಿ ಎನ್ನುತ್ತೇವೆ. ಹೃದಯವನ್ನು ಬ್ರೆಡ್ಡಿನ ಹಾಗೆ ಅಡ್ಡಕ್ಕೆ ಹೋಳು ಮಾಡಿ ಆ ದ್ರಾವಣದಲ್ಲಿ, 37 ಡಿಗ್ರಿಯಲ್ಲಿ ಕೆಲವು ನಿಮಿಷ ಮುಳುಗಿಸಿಡಬೇಕು. ಬದುಕಿರುವ ಸ್ನಾಯುವಿನಲ್ಲಿ ಕಿಣ್ವಗಳು ಇನ್ನೂ ಕೆಲಸ ಮಾಡುತ್ತಿರುವುದರಿಂದ ಅದು ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಸತ್ತ ಭಾಗ ಕೆನೆಯ ಬಣ್ಣದಲ್ಲೇ ಉಳಿಯುತ್ತದೆ. ನಾಳ ಕಟ್ಟಿ ಹೃದಯಾಘಾತ ಮಾಡಿಸಿದ ಇಲಿಯ ಹೋಳಿನಲ್ಲಿ ಆ ಬಿಳಿ ತೇಪೆ ಎದ್ದು ಕಾಣುತ್ತದೆ. ಎಂಟು ನಿಮಿಷ ಹೃದಯ ನಿಲ್ಲಿಸಿ ಮತ್ತೆ ಬದುಕಿಸಿದ ಇಲಿಯ ಹೋಳು ಸಾಮಾನ್ಯವಾಗಿ ಉದ್ದಕ್ಕೂ ಕೆಂಪೇ. ಆದರೆ ಅದೇ ಇಲಿಗೆ ಒಂದು ಗಂಟೆ ಮೊದಲು ಎಕೋ ಮಾಡಿದ್ದರೆ ಮೈಗೆಲ್ಲ ರಕ್ತ ತಳ್ಳುವ ಎಡಕುಹರ ಸೋತು ಸುಣ್ಣವಾದಂತೆ ಅಲುಗಾಡುತ್ತಿದ್ದುದು ಕಾಣುತ್ತಿತ್ತು. ಅಂದರೆ ಸ್ನಾಯು ಸತ್ತಿಲ್ಲ, ಕೆಲಸವನ್ನೂ ಮಾಡುತ್ತಿಲ್ಲ. ನಿಮ್ಮ ಡಾಕ್ಟರು ಹೇಳಿದ ‘ಮಂಕು’ ಇದೇ.

ಇದಕ್ಕೆ ಈ ಅರ್ಥದ ಹೆಸರನ್ನು 1982ರಲ್ಲಿ ಬ್ರೌನ್‌ವಾಲ್ಡ್ ಮತ್ತು ಕ್ಲೋನರ್ ಎಂಬ ಅಮೆರಿಕದ ಇಬ್ಬರು ಹೃದ್ರೋಗ ತಜ್ಞರು ಬಳಕೆಗೆ ತಂದರು. ಸ್ನಾಯು ಎಷ್ಟು ಹೊತ್ತು ತಡೆಯುತ್ತದೆ ಎಂಬುದು ಅದಕ್ಕೂ ಮೊದಲೇ ರಾಬರ್ಟ್ ಜೆನ್ನಿಂಗ್ಸ್ ಮತ್ತು ಜೊತೆಯವರು ನಾಯಿಗಳ ಹೃದಯದಲ್ಲಿ ಮಾಡಿದ ಕೆಲಸದಿಂದ ತಿಳಿದಿತ್ತು. ನಾಳವನ್ನು ಸುಮಾರು 15 ನಿಮಿಷದೊಳಗೆ ಬಿಡಿಸಿದರೆ ಸ್ನಾಯು ಸಾಯುವುದಿಲ್ಲ. ಅಲ್ಲಿಂದ ಮುಂದೆ ಸಾವು ಒಳಪದರದಲ್ಲಿ ಶುರುವಾಗಿ, ಗಂಟೆಗಳು ಕಳೆದಂತೆ ಅಲೆಯ ಹಾಗೆ ಹೊರಪದರದ ಕಡೆ ಹರಡುತ್ತದೆ.

ಹಾಗಾದರೆ ವರದಿಯಲ್ಲಿ ‘ಹಾನಿ’ ಎಂದು ಬರೆದದ್ದು ಸುಳ್ಳೇ? ಅಲ್ಲ. ಟಿಟಿಸಿ ಒರಟು ಪರೀಕ್ಷೆ, ತೇಪೆಗಳನ್ನಷ್ಟೇ ತೋರಿಸುತ್ತದೆ. ಅಲ್ಲೊಂದು ಇಲ್ಲೊಂದು ಕೋಶ ಸತ್ತರೆ ಅದಕ್ಕೆ ಕಾಣುವುದಿಲ್ಲ. ಮೈಕ್ರೋಸ್ಕೋಪಿಗೆ ಕಾಣುತ್ತದೆ.

ಅಲ್ಲಿ ಏನು ಕಾಣುತ್ತದೆ, ಯಾಕೆ ಕಾಣುತ್ತದೆ ಎಂದು ಹೇಳಬೇಕಾದರೆ ಆ ಎಂಟು ನಿಮಿಷದೊಳಗೆ ಹೋಗಬೇಕು. ಹೃದಯದ ಕೋಶಕ್ಕೆ ಉಳಿತಾಯವೆಂಬುದೇ ಇಲ್ಲ. ಮನುಷ್ಯನ ಹೃದಯ ದಿನಕ್ಕೆ ಸುಮಾರು 6 ಕೆ.ಜಿ. ಎಟಿಪಿ ಎಂಬ ಇಂಧನವನ್ನು ಉತ್ಪಾದಿಸಿ ಖರ್ಚು ಮಾಡುತ್ತದೆ, ಕೈಯಲ್ಲಿರುವುದು ಮಾತ್ರ ಕೆಲವು ಬಡಿತಗಳಿಗೆ ಸಾಲುವಷ್ಟು. ದಿನಗೂಲಿಯ ಸಂಸಾರ. ಆಮ್ಲಜನಕ ನಿಂತ ಕೂಡಲೇ ಕೋಶದೊಳಗೆ ಲ್ಯಾಕ್ಟೇಟ್ ತುಂಬಿ ಆಮ್ಲ ಏರುತ್ತದೆ. ಆಮ್ಲವನ್ನು ಹೊರಹಾಕಲು ಕೋಶ ಸೋಡಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸೋಡಿಯಂ ಅನ್ನು ಹೊರಹಾಕಲು ಹೋಗಿ ಕ್ಯಾಲ್ಸಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸಾಲ ತೀರಿಸಲು ಮತ್ತೊಂದು ಸಾಲ.

ಆದರೂ ದೊಡ್ಡ ಪೆಟ್ಟು ಬೀಳುವುದು ರಕ್ತ ನಿಂತಾಗ ಅಲ್ಲ, ಮರಳಿ ಬಂದಾಗ. ನೀವು ಹಳ್ಳಿ ಕಡೆಯವರಾದರೆ ಪಂಪ್‌ಸೆಟ್ಟಿನ ಉದಾಹರಣೆ ಸಾಕು. ಕರೆಂಟು ಹೋದದ್ದಕ್ಕೆ ಮೋಟಾರು ಸುಡುವುದಿಲ್ಲ, ಹೋದ ಕರೆಂಟು ಏರುಪೇರಾಗಿ ಬಂದಾಗ ಸುಡುತ್ತದೆ. ಆಮ್ಲಜನಕ ಬಂದ ಮೊದಲ ಕೆಲವು ನಿಮಿಷಗಳಲ್ಲಿ, ಕೋಶಕ್ಕೆ ಶಕ್ತಿ ತಯಾರಿಸಿ ಕೊಡುವ ಮೈಟೊಕಾಂಡ್ರಿಯಗಳು ಅಪಾಯಕಾರಿ ಆಮ್ಲಜನಕ ಕಣಗಳನ್ನು ಒಂದೇ ಸಮನೆ ಉಗುಳುತ್ತವೆ. ರಕ್ತವಿಲ್ಲದ ಹೊತ್ತಿನಲ್ಲಿ ಗುಡ್ಡೆಬಿದ್ದ ಸಕ್ಸಿನೇಟ್ ಎಂಬ ವಸ್ತು ಈಗ ಒಮ್ಮೆಗೇ ಉರಿಯುವುದೇ ಇದಕ್ಕೆ ಮುಖ್ಯ ಕಾರಣ ಎಂದು 2014ರಲ್ಲಿ ಕೇಂಬ್ರಿಜ್ ಕೇಂದ್ರಿತ ತಂಡವೊಂದು ತೋರಿಸಿತು. ಅದೇ ಹೊತ್ತಿಗೆ ಆಮ್ಲ ಇಳಿಯುತ್ತದೆ. ಒಳಗೆ ಕೂಡಿದ್ದ ಕ್ಯಾಲ್ಸಿಯಂನಿಂದ ಕೋಶ ಕಿವುಚಿದ ಹಾಗೆ ಮುದುಡಿಕೊಳ್ಳುತ್ತದೆ. ಮೈಟೊಕಾಂಡ್ರಿಯದ ಪೊರೆಯಲ್ಲಿ ತೂತು ಬೀಳುತ್ತದೆ. ತಡೆದುಕೊಂಡ ಕೋಶ ಮಂಕಾಗಿ ಬದುಕುತ್ತದೆ, ತಡೆಯಲಾರದ್ದು ಸಾಯುತ್ತದೆ.

ಹಾಗೆ ಮುದುಡಿ ಸತ್ತ ಕೋಶ ಸ್ಲೈಡಿನಲ್ಲಿ ಗುರುತು ಸಿಗುತ್ತದೆ. ನಯವಾದ ಸಣ್ಣ ಗೆರೆಗಳಿರಬೇಕಾದ ಕಡೆ ಗುಲಾಬಿ ಬಣ್ಣದ ದಪ್ಪ ಅಡ್ಡಪಟ್ಟಿಗಳು ಇರುತ್ತವೆ, ಸೀರೆಯ ನೆರಿಗೆಯನ್ನು ಒಂದು ಕಡೆಗೆ ಒತ್ತಿಟ್ಟ ಹಾಗೆ. ಸಂಕೋಚನ ಪಟ್ಟಿ ಎನ್ನುತ್ತೇವೆ. ಈ ಪಟ್ಟಿಗಳ ವಿಷಯದಲ್ಲಿ ನಾನೇ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಕಸುಬಿಗೆ ಹೊಸಬನಾಗಿದ್ದಾಗ ಒಂದು ಪ್ರಯೋಗದಲ್ಲಿ ಹೃದಯ ನಿಲ್ಲಿಸಿದ ಇಲಿಗಳಲ್ಲೂ ಪಟ್ಟಿ, ಏನೂ ಮಾಡದ ಇಲಿಗಳಲ್ಲೂ ಪಟ್ಟಿ. ಎರಡು ದಿನ ತಲೆ ಕೆಡಿಸಿಕೊಂಡೆ. ಹಿರಿಯರೊಬ್ಬರು ಸ್ಲೈಡಿನ ಕಡೆ ನೋಡಲೂ ಇಲ್ಲ. ‘ಹೃದಯ ತೆಗೆದದ್ದು ಹೇಗಪ್ಪ?’ ಅಂತ ಕೇಳಿದರು. ಹೊಡೆಯುತ್ತಿದ್ದ ಹೃದಯವನ್ನೇ ಕತ್ತರಿಸಿ ಫಾರ್ಮಲಿನ್ನಿಗೆ ಹಾಕಿದ್ದೆವು. ಕತ್ತರಿ ತಾಗಿದ ಸ್ನಾಯು ಸೆಟೆದುಕೊಂಡು ತಾನೇ ಪಟ್ಟಿ ಮೂಡಿಸಿಕೊಂಡಿತ್ತು. ಅಂದಿನಿಂದ ಮೊದಲು ಪೊಟ್ಯಾಸಿಯಂ ಕೊಟ್ಟು, ಹೃದಯ ಸಡಿಲಗೊಂಡು ನಿಂತ ಮೇಲೆಯೇ ಕತ್ತರಿ. ವರದಿ ಓದುವಾಗ ಈಗಲೂ ನನ್ನ ಕಣ್ಣು ಚಿತ್ರಗಳಿಗಿಂತ ಮೊದಲು ಹೋಗುವುದು ಅಂಗ ತೆಗೆದ ಕ್ರಮದ ಆ ಎರಡು ಸಾಲುಗಳಿಗೆ.

ಇನ್ನು ಉರಿಯೂತ. ಗಾಯಗೊಂಡ ಕೋಶಗಳು ತಮ್ಮೊಳಗಿನ ಸಾಮಾನನ್ನು ಹೊರಗೆ ಚೆಲ್ಲುತ್ತವೆ. ಅದರಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎ ಕೂಡ ಇರುತ್ತದೆ. ಮೈಟೊಕಾಂಡ್ರಿಯಗಳ ಪೂರ್ವಜರು ಬ್ಯಾಕ್ಟೀರಿಯಗಳಾದ್ದರಿಂದ ನಮ್ಮ ರೋಗನಿರೋಧಕ ಪಡೆ ಅದನ್ನು ಕಂಡು ಸೋಂಕು ಬಂತೆಂದೇ ತಿಳಿಯುತ್ತದೆ. ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಮುಂತಾದ, ಉರಿಯೂತದ ಸಂದೇಶ ಒಯ್ಯುವ ಸೈಟೊಕೈನ್‌ಗಳು ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಏರುತ್ತವೆ. ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅದಕ್ಕೆ ಕಚ್ಚಿಕೊಂಡು ಒಳಗೆ ನುಸುಳುತ್ತವೆ. ಸ್ಲೈಡಿನಲ್ಲಿ ಮೊದಲ ದಿನ ಇವೇ ಕಾಣುವುದು. ಎರಡು ಮೂರು ದಿನ ಕಳೆದ ಮೇಲೆ ಕಸ ಎತ್ತುವ ಮ್ಯಾಕ್ರೋಫೇಜ್‌ಗಳು ಬರುತ್ತವೆ. ಸ್ನಾಯುವಿನ ಎಳೆಗಳ ನಡುವೆ ನೀರು ತುಂಬಿ ಎಳೆಗಳು ದೂರ ಸರಿದಂತೆ ಇರುತ್ತವೆ.

ವರದಿಗಳಲ್ಲಿ ಸಾಮಾನ್ಯವಾಗಿ ಒತ್ತಿ ಹೇಳದ ಸಂಗತಿಯೊಂದಿದೆ. ಈ ಉರಿಯೂತದ ಮೂಲ ಹೃದಯವೊಂದೇ ಅಲ್ಲ. ಕರುಳಿಗೂ ರಕ್ತ ನಿಂತಿತ್ತಲ್ಲ. ಅದರ ಗೋಡೆ ಸಡಿಲಾಗಿ ಬ್ಯಾಕ್ಟೀರಿಯಗಳ ವಿಷ ರಕ್ತಕ್ಕೆ ಜಾರಬಹುದು. ಪ್ಯಾರಿಸ್ಸಿನ ಕ್ರಿಸ್ತೋಫ್ ಆದ್ರಿ ಮತ್ತು ಜೊತೆಯವರು 2002ರಲ್ಲಿ ಬದುಕಿಸಿದ ರೋಗಿಗಳ ರಕ್ತ ಪರೀಕ್ಷಿಸಿ, ಇದು ನಂಜೇರಿದ ರೋಗಿಗಳ ರಕ್ತದ ಹಾಗೇ ಇದೆ ಎಂದು ಬರೆದರು. ಹೃದಯ ಆ ನಂಜಿನಲ್ಲಿ ತಾನೂ ಮುಳುಗಿದೆ. ಅದು ಕುಗ್ಗಿ ಹೊಡೆಯುವುದಕ್ಕೆ ಅದರದೇ ಗಾಯ ಎಷ್ಟು ಕಾರಣ, ಮೈಯೆಲ್ಲ ಹರಿಯುವ ಉರಿಯೂತ ಎಷ್ಟು ಕಾರಣ ಎಂದು ಬೇರ್ಪಡಿಸುವುದು ಇಲಿಯಲ್ಲೂ ಸುಲಭವಲ್ಲ. ಇದನ್ನೆಲ್ಲ ಒಂದು ಕಾಯಿಲೆಯೆಂದೇ ಮೊದಲು ನೋಡಿದವರು ಮಾಸ್ಕೋದ ವ್ಲಾದಿಮಿರ್ ನೆಗೋವ್ಸ್ಕಿ. 1936ರಿಂದ ನಾಯಿಗಳ ಮೇಲೆ ಪುನರುಜ್ಜೀವನದ ಪ್ರಯೋಗ ಮಾಡುತ್ತ ಬಂದವರು. 1972ರಲ್ಲಿ ಇದಕ್ಕೆ ‘ಬದುಕಿಸಿದ ನಂತರದ ಕಾಯಿಲೆ’ ಎಂಬ ಅರ್ಥದ ಹೆಸರಿಟ್ಟರು. ಜೀವ ಮರಳಿತೆಂದರೆ ಕೆಲಸ ಮುಗಿಯಲಿಲ್ಲ ಎಂಬುದು ಅವರ ವಾದವಾಗಿತ್ತು.

ಈಗ ನಿಮ್ಮ ತಂದೆಯವರ 25 ಮತ್ತು 45ಕ್ಕೆ ಬರೋಣ. ಇದಕ್ಕೆ ಇಲಿಗಿಂತ ಹಂದಿಯೇ ಒಳ್ಳೆಯ ಸಾಕ್ಷಿ. ಹಂದಿಯ ಹೃದಯ ಗಾತ್ರದಲ್ಲಿ, ನಾಳಗಳ ಹಂಚಿಕೆಯಲ್ಲಿ ನಮ್ಮದಕ್ಕೆ ತೀರ ಹತ್ತಿರ. ಅಮೆರಿಕದ ಅರಿಜೋನಾದಲ್ಲಿ ಕಾರ್ಲ್ ಕೆರ್ನ್ ಮತ್ತು ಸಂಗಡಿಗರು ಹಂದಿಗಳ ಹೃದಯವನ್ನು 10 ಅಥವಾ 15 ನಿಮಿಷ ಕಂಪನಕ್ಕೆ (ರಕ್ತ ತಳ್ಳದೆ ಬರೀ ನಡುಗುವ ಸ್ಥಿತಿಗೆ) ಕೆಡವಿ ಮತ್ತೆ ಬದುಕಿಸಿದರು. 1996ರಲ್ಲಿ ಪ್ರಕಟವಾದ ಅವರ ಅಳತೆಗಳಲ್ಲಿ, 55ರ ಆಸುಪಾಸು ಇದ್ದ ಇ.ಎಫ್. ಐದು ಗಂಟೆಯ ಹೊತ್ತಿಗೆ 20ರ ಆಸುಪಾಸಿಗೆ ಕುಸಿಯಿತು, 48 ಗಂಟೆಯೊಳಗೆ ಬಹುಪಾಲು ಮರಳಿತು. ಗಮನಿಸಿ, ನಾಡಿ ಬಂದ ಕೂಡಲೇ ಅಲ್ಲ, ಗಂಟೆಗಳು ಕಳೆದ ಮೇಲೆ ಅದು ತಳ ಮುಟ್ಟಿದ್ದು. ಮರುವರ್ಷ ಅದೇ ತಂಡ ಬಡಿತಕ್ಕೆ ಬಲ ಕೊಡುವ ಡೊಬ್ಯುಟಮೈನ್ ಔಷಧ ಹರಿಸಿದಾಗ ಆ ಮಂಕಾದ ಹೃದಯ ಚುರುಕಾಯಿತು. ಸತ್ತ ಸ್ನಾಯು ಯಾವ ಔಷಧಕ್ಕೂ ಎದ್ದು ಕೂರುವುದಿಲ್ಲ. ಮನುಷ್ಯರಲ್ಲೂ ಪ್ಯಾರಿಸ್ಸಿನಲ್ಲೇ 165 ರೋಗಿಗಳನ್ನು ಗಮನಿಸಿ 2002ರಲ್ಲಿ ಬರೆದ ವರದಿ ಇದೇ ಕಥೆ ಹೇಳುತ್ತದೆ: ಮೊದಲ ದಿನ ಕುಸಿತ, ಬದುಕಿ ಉಳಿದವರಲ್ಲಿ 72 ಗಂಟೆಯ ಹೊತ್ತಿಗೆ ಚೇತರಿಕೆ. ನಿಮ್ಮ ತಂದೆಯವರ ಅಂಕಿಗಳು ಈ ದಾರಿಯಲ್ಲೇ ನಡೆದಿವೆ.

ಇಲಿಗೆ ಆದದ್ದು ಅಪ್ಪನಿಗೂ ಆಗಿರಬೇಕೇ ಎಂದು ಕೇಳಿದ್ದೀರಿ. ಇಲಿಯ ಹೃದಯ ಹೇಗೆ ನಿಲ್ಲಿಸುತ್ತಾರೆ ಎಂದು ಹೇಳಿದರೆ ಉತ್ತರ ನಿಮಗೇ ಹೊಳೆಯುತ್ತದೆ. ಸುಮಾರು 300 ಗ್ರಾಂ ತೂಕದ, ಎಳೆ ವಯಸ್ಸಿನ, ಆರೋಗ್ಯವಂತ ಗಂಡು ಇಲಿ. ಒಂದು ಗ್ರಾಂ ತೂಗುವ ಹೃದಯ, ನಿಮಿಷಕ್ಕೆ ಮುನ್ನೂರರ ಮೇಲೆ ಬಡಿತ. ಅರಿವಳಿಕೆ ಕೊಟ್ಟು, ಗಂಟಲಿಗೆ ನಳಿಕೆ ಹಾಕಿ, ಸ್ನಾಯುಗಳನ್ನು ಸಡಿಲಿಸಿ ವೆಂಟಿಲೇಟರನ್ನು ನಿಲ್ಲಿಸುತ್ತಾರೆ. ಮೂರು ನಾಲ್ಕು ನಿಮಿಷದಲ್ಲಿ ನಾಡಿ ಹೋಗುತ್ತದೆ. ಗೊತ್ತುಮಾಡಿದ ನಿಮಿಷ ಮುಗಿದ ಮೇಲೆ ಮತ್ತೆ ಗಾಳಿ, ಅಡ್ರಿನಲಿನ್, ಎರಡು ಬೆರಳಿನಲ್ಲಿ ಎದೆ ಒತ್ತುವುದು. ಇದು ಉಸಿರುಕಟ್ಟಿ ನಿಂತ ಹೃದಯ. ನಾಡಿ ಹೋಗುವ ಮೊದಲೇ ಅದು ಆಮ್ಲಜನಕವಿಲ್ಲದೆ ದುಡಿದು ಬರಿದಾಗಿರುತ್ತದೆ. ನೀರಿನಲ್ಲಿ ಮುಳುಗಿದವರ ಸ್ಥಿತಿಗೆ ಇದು ಹತ್ತಿರ. ನಿಮ್ಮ ತಂದೆಯವರಿಗೆ ಶಾಕ್ ಕೊಟ್ಟಿದ್ದಾರೆಂದರೆ ಅವರದು ವಿದ್ಯುತ್ ಲಯ ಕೆಟ್ಟು ನಿಂತ ಹೃದಯ, ಕೊನೆಯ ಬಡಿತದವರೆಗೂ ಮೈಯಲ್ಲಿ ಆಮ್ಲಜನಕವಿತ್ತು. ಜೊತೆಗೆ ಯಾರೋ ಎದೆ ಒತ್ತುತ್ತಿದ್ದರು, ಸ್ವಲ್ಪವಾದರೂ ರಕ್ತ ಹರಿಯುತ್ತಿತ್ತು. ಇಲಿಗೆ ಆ ಹುಡುಗ ಇರಲಿಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಲಿಗಿರುವ ಅನುಕೂಲಗಳನ್ನೂ ಇಡಬೇಕು. ಅದರ ನಾಳಗಳಲ್ಲಿ ಕೊಬ್ಬಿಲ್ಲ, ಸಕ್ಕರೆ ಕಾಯಿಲೆಯಿಲ್ಲ, ಬಿ.ಪಿ. ಇಲ್ಲ. ಐಸೊಫ್ಲುರೇನ್‌ನಂಥ ಅರಿವಳಿಕೆ ಅನಿಲಗಳು ತಾವೇ ಹೃದಯವನ್ನು ಅಷ್ಟಿಷ್ಟು ಕಾಯುತ್ತವೆ. ಸಣ್ಣ ಮೈಯಾದ್ದರಿಂದ ಇಲಿ ಬೇಗ ತಣ್ಣಗಾಗುತ್ತದೆ. ಬಿಸಿ ಹಾಸಿಗೆಯ ಮೇಲೆ ಮಲಗಿಸದೆ ಬಿಟ್ಟರೆ ಎರಡು ಡಿಗ್ರಿ ಇಳಿದ ತಾಪವೇ ಔಷಧದ ಕೆಲಸ ಮಾಡಿಬಿಡುತ್ತದೆ, ಹೆಸರು ಔಷಧಕ್ಕೆ ಹೋಗುತ್ತದೆ. ಇಲಿಯ ಹೃದಯದಲ್ಲಿ ಕಾಣುವ ಗಾಯದಲ್ಲಿ ಎದೆ ಒತ್ತಿದ್ದರ ಪಾಲು, ಅಡ್ರಿನಲಿನ್ನಿನ ಪಾಲು ಕೂಡ ಇರುತ್ತವೆ. ಅಡ್ರಿನಲಿನ್ ಆ ನಂತರದ ಮಂಕನ್ನು ಹೆಚ್ಚಿಸುತ್ತದೆಂದು ಮ್ಯಾಕ್ಸ್ ಹ್ಯಾರಿ ವೀಲ್ ಅವರ ತಂಡ 1995ರಲ್ಲೇ ಇಲಿಗಳಲ್ಲಿ ತೋರಿಸಿತ್ತು. ಹಾಗೆಂದು ಅದನ್ನು ಬಿಡುವಂತಿಲ್ಲ. ಬ್ರಿಟನ್ನಿನಲ್ಲಿ ಎಂಟು ಸಾವಿರ ರೋಗಿಗಳ ಪರೀಕ್ಷೆ 2018ರಲ್ಲಿ ಹೊರಬಂದಾಗ ಅಡ್ರಿನಲಿನ್ ಪಡೆದವರಲ್ಲಿ 3.2 ಶೇಕಡ, ಪಡೆಯದವರಲ್ಲಿ 2.4 ಶೇಕಡ ಮಂದಿ ತಿಂಗಳ ನಂತರ ಬದುಕಿದ್ದರು.

ಇಷ್ಟೆಲ್ಲ ತಗಾದೆ ಇರುವಾಗ ಇಲಿ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಐಸಿಯುವಿನಲ್ಲಿ ಮಲಗಿದವರ ಹೃದಯವನ್ನು ಆರನೇ ಗಂಟೆಗೊಮ್ಮೆ, ಮೂರನೇ ದಿನಕ್ಕೊಮ್ಮೆ ಕೊಯ್ದು ನೋಡಲಾಗದು. ಪೆಟ್ಟಿನ ಸರದಿಯನ್ನು, ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು, ಪ್ರಾಣಿಯೇ ಹೇಳಬೇಕು. ಅದಕ್ಕಷ್ಟೇ ಅದನ್ನು ನಂಬುತ್ತೇನೆ. ನಮ್ಮಲ್ಲಿ ಇಂಥ ಪ್ರತಿ ಪ್ರಯೋಗವೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಬಂದ ನಿಯಮಗಳ ಪ್ರಕಾರ ಸಂಸ್ಥೆಯ ನೈತಿಕ ಸಮಿತಿಯನ್ನು ದಾಟಿ ಬರಬೇಕು. ಅಷ್ಟು ಮಾಡಿ ಜೀವ ತೆಗೆದ ಮೇಲೆ ಸ್ಲೈಡಿನ ಚೀಟಿ ಮುಚ್ಚದೆ, ಯಾವುದು ಯಾವ ಗುಂಪಿನದೆಂದು ತಿಳಿದುಕೊಂಡೇ ಎಣಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀವು ಓದಿದ ವರದಿಯಲ್ಲಿ ಸ್ಲೈಡ್ ನೋಡಿದವರಿಗೆ ಗುಂಪು ಗೊತ್ತಿತ್ತೋ ಇಲ್ಲವೋ ಎಂದು ಬರೆದಿದೆಯೇ ನೋಡಿ.

ಔಷಧದ ವಿಷಯದಲ್ಲಿ ಪ್ರಾಣಿ ಕೊಟ್ಟ ಭರವಸೆ ಮನುಷ್ಯರಲ್ಲಿ ಹಲವು ಸಲ ಮುರಿದಿದೆ. ಮೈಟೊಕಾಂಡ್ರಿಯದ ಆ ತೂತನ್ನು ಸೈಕ್ಲೊಸ್ಪೊರಿನ್ ಮುಚ್ಚುತ್ತದೆ, ಪ್ರಾಣಿಗಳಲ್ಲಿ ಚೆನ್ನಾಗಿಯೇ ಮುಚ್ಚಿತು. ಫ್ರಾನ್ಸಿನಲ್ಲಿ ಹೃದಯ ಸ್ತಂಭನವಾದ 794 ಮಂದಿಯ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂದಾಗ ಏನೂ ಪ್ರಯೋಜನ ಕಾಣಲಿಲ್ಲ. ಪ್ರಾಣಿಗೆ ಔಷಧವನ್ನು ಹೃದಯ ನಿಲ್ಲುವ ಮೊದಲೋ, ರಕ್ತ ಮರಳುವ ಕ್ಷಣದಲ್ಲೋ ಕೊಡಬಹುದು. ಬೀದಿಯಲ್ಲಿ ಬಿದ್ದವರಿಗೆ ಸೂಜಿ ಚುಚ್ಚುವ ಹೊತ್ತಿಗೆ ಆ ಮೊದಲ ನಿಮಿಷಗಳು ಕಳೆದೇ ಹೋಗಿರಬಹುದು. ಇಂಟರ್‌ಲ್ಯೂಕಿನ್-6 ಅನ್ನು ತಡೆಯುವ ಟೊಸಿಲಿಜುಮಾಬ್ ಸ್ವಲ್ಪ ಆಸೆ ಹುಟ್ಟಿಸಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 80 ರೋಗಿಗಳಲ್ಲಿ ಒಂದೇ ಒಂದು ಡೋಸ್ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಅದನ್ನು ಪಡೆದವರಲ್ಲಿ ಉರಿಯೂತದ ಗುರುತಾದ ಸಿಆರ್‌ಪಿ ಇಳಿಯಿತು, ಟ್ರೋಪೋನಿನ್‌ನಂಥ ಹೃದಯಗಾಯದ ಗುರುತುಗಳೂ ಕಡಿಮೆಯಾದವು. ಆದರೆ ಬದುಕಿದವರ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಅಷ್ಟು ಸಣ್ಣ ಪರೀಕ್ಷೆಯಲ್ಲಿ ಕಾಣುವುದೂ ಕಷ್ಟ. ಉರಿಯೂತವನ್ನು ಪೂರ್ತಿ ಆರಿಸಿಬಿಡುವುದು ಕೂಡ ಜಾಣತನವಲ್ಲ. ಸತ್ತ ಕೋಶ ಗುಡಿಸಿ ಆ ಜಾಗಕ್ಕೆ ಗಟ್ಟಿ ಕಲೆ ಕಟ್ಟುವುದು ಆ ಮ್ಯಾಕ್ರೋಫೇಜ್‌ಗಳೇ. 1970ರ ದಶಕದಲ್ಲಿ ಹೃದಯಾಘಾತದ ರೋಗಿಗಳಿಗೆ ಸ್ಟೀರಾಯ್ಡ್ ಕೊಟ್ಟು ನೋಡಿದಾಗ ಗಾಯ ಮಾಯುವುದು ತಡವಾಗಿ, ಹೃದಯದ ಗೋಡೆ ತೆಳುವಾಗುವ ಆತಂಕ ಎದ್ದಿತ್ತು.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ: ನಾಲ್ಕು ದಿನದಲ್ಲಿ 20 ಅಂಶ ಏರಿದೆಯೆಂದರೆ ಆ ಏರಿಕೆಗೆ ಕಾರಣವಾದ ಸ್ನಾಯು ಸತ್ತಿರಲಿಲ್ಲ, ಅಷ್ಟು ನಿಶ್ಚಯ. 45 ಪೂರ್ತಿ ಸಹಜವಲ್ಲ. ಉಳಿದ ಕೊರತೆ ಇನ್ನೂ ಬಿಡದ ಮಂಕೋ, ಹಳೆಯದೋ ಹೊಸದೋ ಆದ ಹೃದಯಾಘಾತದ ಕಲೆಯೋ ಎಂಬುದನ್ನು ಎಕೋ ಒಂದೇ ಬಿಡಿಸಿ ಹೇಳಲಾರದು. ಎರಡು ತಿಂಗಳಾಗಿರುವುದರಿಂದ ಮಂಕು ಬಿಡಬೇಕಾದಷ್ಟು ಬಿಟ್ಟಿರುತ್ತದೆ, ಇನ್ನೊಂದು ಎಕೋ ಆಗಿಲ್ಲದಿದ್ದರೆ ಕೇಳಿ. ಕಲೆಯನ್ನು ನೋಡಬೇಕೆಂದರೆ ಗ್ಯಾಡೊಲಿನಿಯಂ ಎಂಬ, ಚಿತ್ರದಲ್ಲಿ ಎದ್ದು ಕಾಣುವ ವಸ್ತುವನ್ನು ರಕ್ತಕ್ಕೆ ಕೊಟ್ಟು ಮಾಡುವ ಹೃದಯದ ಎಂಆರ್‌ಐ ಇದೆ. ನನ್ನ ಟಿಟಿಸಿ ಹೋಳಿನಲ್ಲಿ ಬಿಳಿಯಾಗಿ ಕಾಣುವ ಜಾಗ ಅದರಲ್ಲೂ ಬಿಳಿಯಾಗೇ ಕಾಣುತ್ತದೆ, ಕತ್ತರಿ ಬೇಕಿಲ್ಲ. ಅದರ ಅಗತ್ಯವಿದೆಯೇ ಎಂದು ಡಾಕ್ಟರನ್ನೇ ಕೇಳಿ. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದ್ದು ಇನ್ನೊಂದಿದೆ: ಅಂದು ಹೃದಯ ನಿಂತದ್ದು ಯಾಕೆ? ನಾಳ ಕಟ್ಟಿತ್ತೇ, ಲಯದ ದೋಷವೇ, ಮತ್ತೆ ಹಾಗಾಗದಂತೆ ಎದೆಯೊಳಗೆ ಶಾಕ್ ಕೊಡುವ ಸಾಧನ ಬೇಕೇ? ನಿಮ್ಮ ಪತ್ರದಲ್ಲಿ ಇದರ ಸುದ್ದಿಯೇ ಇಲ್ಲ.

ಚಿಕ್ಕಪ್ಪನವರ ಅರಿಶಿನ: ನಾವು ಮಾತಾಡುತ್ತಿರುವ ಉರಿಯೂತ ಮೊದಲ ಗಂಟೆಗಳದ್ದು, ಮೊದಲ ದಿನಗಳದ್ದು. ಎರಡು ತಿಂಗಳ ನಂತರ ಕ್ಯಾಪ್ಸೂಲ್ ಆರಿಸಬೇಕಾದ ಬೆಂಕಿ ಅಲ್ಲಿಲ್ಲ. ತಂದೆಯವರು ರಕ್ತ ಹೆಪ್ಪುಗಟ್ಟದಿರುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೆಚ್ಚಿನ ಡೋಸಿನ ಅರಿಶಿನದ ಕ್ಯಾಪ್ಸೂಲನ್ನು ಡಾಕ್ಟರಿಗೆ ಹೇಳದೆ ಶುರುಮಾಡಬೇಡಿ, ರಕ್ತಸ್ರಾವದ ಅಪಾಯ ಹೆಚ್ಚಬಹುದು. ಸಾರಿಗೆ, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಶಿನ ಹಾಕುತ್ತಲೇ ಇರಿ.